“ಫ್ರೀ ಆನ್‌ಲೈನ್ ಡಿಗ್ರಿ” ಎನ್ನುವವರಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಮನೆಯಲ್ಲೇ ಕೂತು ಉಚಿತವಾಗಿ ಓದಿ, ಡಿಗ್ರಿ ಪಡೆಯಿರಿ ಎಂಬ ಜಾಹೀರಾತು ನೋಡಿ ಯಾರಾದರೂ ಸೇರಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ನನಗೆ ಮೋಸ ಮಾಡಿದ ಒಂದು ಸಂಸ್ಥೆಯ ಮೇಲೆ ಕೊಟ್ಟ ದೂರು ಇನ್ನೂ ವಿಚಾರಣೆಯಲ್ಲಿದೆ, ಹಾಗಾಗಿ ಅದರ ಹೆಸರು ಬರೆಯುತ್ತಿಲ್ಲ. ಆದರೆ ಇವರು ಮೋಸ ಮಾಡುವ ದಾರಿ ನಿಮಗೆಲ್ಲ ಗೊತ್ತಾಗಲೇಬೇಕು.

ಡಿಗ್ರಿ ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಸೇರಿದವಳು ನಾನು. ಮತ್ತೆ ಕಾಲೇಜಿಗೆ ಹೋಗಲು ಸಮಯವೂ ಇಲ್ಲ, ಅಷ್ಟು ಫೀಸೂ ಇಲ್ಲ. ಇವರಲ್ಲಿ ಸೇರುವುದು ಫ್ರೀ, ಪಾಠವೂ ಫ್ರೀ. ಪಾಠಗಳು ನಿಜಕ್ಕೂ ಚೆನ್ನಾಗಿದ್ದವು. ಕೆಲಸ ಮುಗಿಸಿ ಬಂದು ರಾತ್ರಿ ಕೂತು ನೋಟ್ಸ್ ಬರೆದುಕೊಂಡೆ. ಆಮೇಲೆ ಪರೀಕ್ಷೆಗೆ ದುಡ್ಡು ಕೇಳಿದರು. ಪರೀಕ್ಷೆಗೆ ಫೀಸ್ ಇರುವುದು ಎಲ್ಲ ಕಡೆ ಇದ್ದದ್ದೇ ಅಲ್ವಾ, ಕಟ್ಟಿದೆ. ನಂತರ ಮೌಲ್ಯಮಾಪನಕ್ಕೆ. ನಂತರ ಕ್ರೆಡಿಟ್ (ಮುಗಿಸಿದ ಕೋರ್ಸಿಗೆ ಸಿಗುವ, ಡಿಗ್ರಿಗೆ ಲೆಕ್ಕವಾಗುವ ಪಾಯಿಂಟು) ನೋಂದಣಿಗೆ. ನಂತರ ಸರ್ಟಿಫಿಕೇಟ್‌ಗೆ. ಪ್ರತಿ ಸಲವೂ ಸಣ್ಣ ಮೊತ್ತವೇ. ಈಗ ಬಿಟ್ಟರೆ ಇಲ್ಲಿವರೆಗೆ ಕಟ್ಟಿದ್ದೂ ಹೋಗುತ್ತದೆ ಅನ್ನಿಸುವಷ್ಟು.

ಆ ಕ್ರೆಡಿಟ್‌ಗಳನ್ನು ಹಿಡಿದುಕೊಂಡು ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ, ಡಿಗ್ರಿ ಮುಂದುವರಿಸಲು. ಅಲ್ಲಿಂದ ಚಿಕ್ಕ ಉತ್ತರ ಬಂತು. ಈ ಸಂಸ್ಥೆಗೆ ಮಾನ್ಯತೆ ಇಲ್ಲ, ಇದಕ್ಕೆ ಮಾನ್ಯತೆ ಕೊಟ್ಟಿದ್ದೇವೆ ಎನ್ನುವ ಮಂಡಳಿಯನ್ನೂ ನಾವು ಒಪ್ಪುವುದಿಲ್ಲ, ಕ್ರೆಡಿಟ್ ಪರಿಗಣಿಸಲು ಆಗದು. ಅಷ್ಟೇ. ಆಫೀಸಿನಲ್ಲಿ ಕೂತು ಓದಿದೆ. ಪಕ್ಕದಲ್ಲಿದ್ದವರಿಗೆಲ್ಲ ನಾನು ಓದುತ್ತಿರುವುದು ಗೊತ್ತಿತ್ತು. ಏನಾಯ್ತು ಅಂತ ಕೇಳಿದರೆ ಹೇಳಲು ಬಾಯಿ ಬರಲಿಲ್ಲ. ಅವಮಾನದಿಂದ ಕಿವಿಯೆಲ್ಲ ಬಿಸಿಯಾಯಿತು.

ಆ ಮಾನ್ಯತೆ ಮಂಡಳಿಯ ವೆಬ್‌ಸೈಟ್ ತೆಗೆದು ನೋಡಿದೆ. ಈ ಸಂಸ್ಥೆಯ ಪುಟದಲ್ಲಿ ಇರುವ ಅದೇ ಸ್ಪೆಲ್ಲಿಂಗ್ ತಪ್ಪು ಅಲ್ಲಿಯೂ ಇದೆ! ಅದೇ ಸಾಲು, ಅದೇ ತಪ್ಪು. ತಾವೇ ಒಂದು ಮಂಡಳಿ ಹುಟ್ಟುಹಾಕಿ, ತಮಗೆ ತಾವೇ ಮಾನ್ಯತೆ ಕೊಟ್ಟುಕೊಂಡಿದ್ದಾರೆ.

ಇನ್ನೂ ಹೊಟ್ಟೆ ಉರಿಸಿದ್ದು ಬೇರೆ. ಗಣಿತದ ಲೀನಿಯರ್ ಆಲ್ಜೀಬ್ರಾ ಪಾಠವನ್ನು “ನಮ್ಮದೇ ಪ್ರೊಫೆಸರ್‌ಗಳಿಂದ” ಎಂದು ಹಾಕಿದ್ದರು. ಅದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ 18.06 ಎಂಬ ಕೋರ್ಸು, ಅಲ್ಲಿ ಪ್ರೊಫೆಸರ್ ಆಗಿದ್ದ ಗಿಲ್ಬರ್ಟ್ ಸ್ಟ್ರಾಂಗ್ ಅವರ ಪಾಠ. ಎಂಐಟಿ ತನ್ನ ಪಾಠಗಳನ್ನು ಹಾಕುವ ಓಪನ್‌ಕೋರ್ಸ್‌ವೇರ್ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಪೂರ್ತಿ ಉಚಿತವಾಗಿ ನೋಡಬಹುದು. ಮೂಲ ವಿಡಿಯೋದ ಶುರುವಿನಲ್ಲೇ ಅವರು ಕೋರ್ಸಿನ ಹೆಸರು, ತಮ್ಮ ಹೆಸರು ಹೇಳುತ್ತಾರೆ. ಇವರು ಅಷ್ಟನ್ನು ಮಾತ್ರ ಕತ್ತರಿಸಿ, ಮೂಲೆಯಲ್ಲಿ ತಮ್ಮ ಲೋಗೋ ಅಂಟಿಸಿದ್ದಾರೆ. ಆ ಪಾಠಗಳನ್ನು ಮೂಲದ ಹೆಸರು ಹೇಳಿ ಯಾರಾದರೂ ಹಂಚಬಹುದು, ವ್ಯಾಪಾರಕ್ಕೆ ಬಳಸುವಂತಿಲ್ಲ. ಲೈಸೆನ್ಸ್‌ನಲ್ಲೇ ಹಾಗಿದೆ. ಇವರು ಹೆಸರನ್ನೂ ಅಳಿಸಿದರು, ದುಡ್ಡೂ ಮಾಡಿದರು.

ಚಾಟ್‌ನಲ್ಲಿ ಕೇಳಿದೆ. ಉತ್ತರಗಳನ್ನು ನೋಡಿ.

“ಮೇಡಂ, ಪಾಠಕ್ಕೆ ನಾವು ದುಡ್ಡು ತೆಗೆದುಕೊಂಡಿಲ್ಲ, ಸೇವೆಗೆ ಮಾತ್ರ.”

ಯಾವ ಸೇವೆ ಅಂದೆ. “ಪ್ರೊಸೆಸಿಂಗ್.”

ಮಾನ್ಯತೆ ಇದೆ ಅಂತ ಬರೆದಿದ್ದೀರಲ್ಲ ಅಂದೆ. “ನಮ್ಮದು ಅಂತಾರಾಷ್ಟ್ರೀಯ ಮಾನ್ಯತೆ. ನಿಮ್ಮ ವಿಶ್ವವಿದ್ಯಾಲಯ ಒಪ್ಪದಿದ್ದರೆ ಅದು ಅವರ ನೀತಿ.”

ದುಡ್ಡು ವಾಪಸ್ ಕೊಡಿ ಅಂದೆ. “ನೀವು ಷರತ್ತುಗಳಿಗೆ ಒಪ್ಪಿಗೆ ಕೊಟ್ಟಿದ್ದೀರಿ. ಪ್ರೀಮಿಯಂ ಪರಿಶೀಲನೆಗೆ ಅಪ್‌ಗ್ರೇಡ್ ಮಾಡಿದರೆ ನಿಮ್ಮ ಕ್ರೆಡಿಟ್ ಮತ್ತೆ ಕಳಿಸುತ್ತೇವೆ.” ಮತ್ತೆ ದುಡ್ಡು! ಇಷ್ಟಾದ ಮೇಲೂ ಮತ್ತೆ ದುಡ್ಡು ಕೇಳುತ್ತಾರೆ! ಎಂಐಟಿ ವಿಡಿಯೋ ಬಗ್ಗೆ ಕೇಳಿದ ಕೂಡಲೇ ಚಾಟ್ ಬಂದ್. ಮಾರನೇ ದಿನ ನನ್ನ ಅಕೌಂಟೂ ಬಂದ್.

ನನಗೆ ಸಿಟ್ಟು ಬರುವುದು ದುಡ್ಡಿಗಿಂತ ಜಾಸ್ತಿ ಈ ಕಾರಣಕ್ಕೆ. ಉಚಿತ ಆನ್‌ಲೈನ್ ಕಲಿಕೆ ಸುಳ್ಳಲ್ಲ. ಕಾಲೇಜು ಮೆಟ್ಟಿಲು ಹತ್ತಲಾಗದವರಿಗೂ ಓದು ಸಿಗಲಿ ಎಂದು ಎಷ್ಟೋ ಜನ ದುಡಿದಿದ್ದಾರೆ. ಎಂಐಟಿ ತನ್ನ ಪಾಠಗಳನ್ನು ಎಲ್ಲರಿಗೂ ತೆರೆದಿಡುತ್ತೇವೆ ಎಂದು 2001ರಲ್ಲೇ ಹೇಳಿತು, ಹಾಗೇ ಮಾಡಿತು. ಅದರಿಂದ ಸರ್ಟಿಫಿಕೇಟ್ ಆಗಲಿ ಕ್ರೆಡಿಟ್ ಆಗಲಿ ಸಿಗುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳುತ್ತದೆ. 2012ರಲ್ಲಿ ಬಂದ ಕೋರ್ಸೆರಾ, ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೆಬ್‌ಸೈಟ್‌ಗಳಲ್ಲಿ ಕೆಲವು ಪಾಠ ದುಡ್ಡಿಲ್ಲದೆ ನೋಡಬಹುದು, ಸರ್ಟಿಫಿಕೇಟ್ ಬೇಕಾದರೆ ಸಾಮಾನ್ಯವಾಗಿ ದುಡ್ಡು. 2009ರಲ್ಲಿ ಶುರುವಾದ ಯೂನಿವರ್ಸಿಟಿ ಆಫ್ ದ ಪೀಪಲ್ ಎಂಬ ಆನ್‌ಲೈನ್ ವಿಶ್ವವಿದ್ಯಾಲಯ ಬೋಧನೆಗೆ ಶುಲ್ಕ ತೆಗೆದುಕೊಳ್ಳುವುದಿಲ್ಲ, ಅರ್ಜಿಗೂ ಪ್ರತಿ ಕೋರ್ಸಿನ ಮೌಲ್ಯಮಾಪನಕ್ಕೂ ತೆಗೆದುಕೊಳ್ಳುತ್ತದೆ. ಆದರೆ ಅದನ್ನು ಮೊದಲೇ ಹೇಳುತ್ತದೆ. ಇವರು ಹೇಳಲಿಲ್ಲ. ಓದಲು ದಾರಿ ಹುಡುಕುತ್ತಿರುವ ಬಡವರನ್ನು, ಮನೆ ಬಿಟ್ಟು ಹೋಗಲಾಗದ ಹೆಣ್ಣುಮಕ್ಕಳನ್ನು ನೋಡಿಯೇ ಬಲೆ ಬೀಸುತ್ತಾರೆ. ಒಮ್ಮೆ ಹೀಗಾದವರು ಮುಂದೆ ನಿಜವಾದ ಕೋರ್ಸನ್ನೂ ನಂಬುವುದಿಲ್ಲ.

ಆದ್ದರಿಂದ ದುಡ್ಡು ಕೊಡುವ ಮೊದಲು, ಸಂಸ್ಥೆಗೆ ಮಾನ್ಯತೆ ಕೊಟ್ಟವರು ಯಾರು, ಆ ಮಂಡಳಿಯನ್ನು ನಿಮ್ಮ ಸರ್ಕಾರ ಒಪ್ಪುತ್ತದೆಯೇ ಎಂದು ಸರ್ಕಾರದ ಪಟ್ಟಿಯಲ್ಲೇ ನೋಡಿ. ಅವರು ಕಳಿಸಿದ ಲಿಂಕ್‌ನಲ್ಲಿ ಮಾತ್ರ ನೋಡಬೇಡಿ. ಕ್ರೆಡಿಟ್ ಮುಂದೆ ಎಲ್ಲಿ ಬಳಸಬೇಕೋ ಆ ಕಾಲೇಜನ್ನೇ ಮೊದಲು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಪೂರ್ತಿ ಡಿಗ್ರಿಗೆ ಕೊನೆಯವರೆಗೆ ಒಟ್ಟು ಎಷ್ಟಾಗುತ್ತದೆ ಅಂತ ಕೇಳಿ. ನೇರ ಉತ್ತರ ಬರದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಚಾಟ್‌ನ ಸ್ಕ್ರೀನ್‌ಶಾಟ್ ಅವತ್ತವತ್ತೇ ತೆಗೆದಿಡಿ, ನನ್ನ ಅಕೌಂಟ್ ಮುಚ್ಚಿದ ಮೇಲೆ ನನ್ನ ಕೈಯಲ್ಲಿ ಉಳಿದದ್ದು ಅದೊಂದೇ. ಕಾರ್ಡಿನಲ್ಲಿ ಕಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ದೂರು ಕೊಡಿ. ತಡವಾದಷ್ಟೂ ಕಷ್ಟ.