ಹಳೇ ಕಾರಿಗೆ ಪೇಂಟ್ ಮಾಡ್ಸೋರು ದಯವಿಟ್ಟು ಓದಿ, ನಾನು ಮೋಸ ಹೋದೆ

ಬರಿಯೋಕೇ ನಾಚಿಕೆ ಆಗ್ತಿದೆ, ಆದ್ರೂ ಬರೀತಿದೀನಿ, ನನ್ ಥರ ಇನ್ನೊಬ್ರು ದುಡ್ಡು ಕಳ್ಕೋಬಾರ್ದು. ಅಪ್ಪಂದು 1979ರ ಪ್ರೀಮಿಯರ್ ಪದ್ಮಿನಿ, ಸ್ಟೇರಿಂಗ್ ಗೇರು, ಮಂಡ್ಯದಲ್ಲಿ ಕೆಲ್ಸದಲ್ಲಿದ್ದಾಗ ತಗೊಂಡಿದ್ದು. ಈ ಸಲ ಆಯುಧಪೂಜೆಗೆ ಅಪ್ಪನ ಕೈಲೇ ಪೂಜೆ ಮಾಡಿಸ್ಬೇಕು ಅಂತ ಜುಲೈನಲ್ಲೇ ಮೈಸೂರಲ್ಲಿ ಒಂದು ಶೆಡ್ಡಿಗೆ ಬಿಟ್ಟೆ. ಟಿಂಕರಿಂಗು (ಬಾಡಿ ತಗಡಿನ ರಿಪೇರಿ) ಪೇಂಟು ಸೇರಿ 85 ಸಾವಿರ, ತುಕ್ಕು ಹಿಡಿದಿರೋ ಕಡೆ ತಗಡು ಕತ್ತರಿಸಿ ಹೊಸ ಶೀಟು ವೆಲ್ಡಿಂಗು, ಇಷ್ಟು ಮಾತಾಗಿತ್ತು. ಬಣ್ಣ ಮೊದ್ಲಿಂದೇ ಕ್ರೀಮು, ಬದ್ಲಾಯ್ಸಿದ್ರೆ ಆರ್‌ಸಿಲಿ ಹಾಕಿಸ್ಬೇಕಲ್ಲ. ಬಂಪರು ಲೈಟು ಗ್ಲಾಸು ಬೀಡಿಂಗು ಎಲ್ಲಾ ನಾನೇ ಮನೇಲಿ ಫಿಟ್ ಮಾಡ್ಕೋತೀನಿ ಅಂದಿದ್ದೆ. ಅಲ್ಲೇ ಆ ಶೆಡ್ಡಿನವ್ನಿಗೆ ದಾರಿ ಮಾಡಿಕೊಟ್ಟೆ.

ಗಾಡಿ ಬಂದಾಗ ಏನ್ ಶೈನಿಂಗು ಅಂತೀರ, ಮುಖ ಕಾಣ್ತಿತ್ತು, ಪೂರ್ತಿ ದುಡ್ಡು ಕೊಟ್ಬಿಟ್ಟೆ. ಬಿಲ್ ಕೇಳ್ಲಿಲ್ಲ. ಪಾರ್ಟ್ಸ್ ಎಲ್ಲಾ ಎರಡು ಗೋಣಿಚೀಲದಲ್ಲಿ ತುಂಬಿ ಕೊಟ್ಟಿದ್ದ.

ಎರಡು ಭಾನುವಾರ ನಾನು ಭಾವಮೈದ ಕೂತು ಜೋಡಿಸಿದ್ವಿ. ಹೊಸ ಪೇಂಟು ಇನ್ನೂ ಹಸಿ ಅಂತ ಅಂಚಿಗೆಲ್ಲಾ ಮಾಸ್ಕಿಂಗ್ ಟೇಪ್ ಹಚ್ಕೊಂಡು, ಮುಂದಿನ ಗ್ಲಾಸಿನ ರಬ್ಬರಿಗೆ ಸೋಪ್ ನೀರು ಸವರಿ ದಾರ ಎಳ್ದು ಕೂರಿಸಿದ್ವಿ, ಒಂದು ಗೀರೂ ಬೀಳ್ಲಿಲ್ಲ. ಹಿಂದಿನ ಲೈಟು ಹತ್ತಲಿಲ್ಲ, ಅರ್ಥ್ ವೈರು ಬಾಡಿ ತಗಡಿಗೆ ತಾಗೋ ಜಾಗಕ್ಕೆ ಪೇಂಟ್ ಕೂತಿತ್ತು, ಕೆರೆದ್ಮೇಲೆ ಹತ್ತಿತು. ಇದೆಲ್ಲಾ ಇದ್ದಿದ್ದೇ ಬಿಡಿ.

ಕೊನೇಲಿ ಮಡ್ ಫ್ಲಾಪು, ಚಕ್ರದ ಹಿಂದೆ ಕೆಸರು ತಡೆಯೋಕೆ ನೇತಾಡೋ ರಬ್ಬರು. ಮುಂದಿನ ಎಡಗಡೆ ಮಡ್‌ಗಾರ್ಡ್ ಕೆಳಗೆ ಸ್ಕ್ರೂ ತೂತೇ ಇಲ್ಲ, ಮುಚ್ಚಿಬಿಟ್ಟಿದಾನೆ. ಸರಿ ಅಂತ ಡ್ರಿಲ್ ಹಾಕ್ದೆ. ಕಬ್ಬಿಣದ ಚೂರು ಬರ್ಬೇಕಲ್ವಾ, ತಿಳಿ ಗುಲಾಬಿ ಬಣ್ಣದ ಪುಡಿ ಉದುರ್ತಾ ಇದೆ. ಡ್ರಿಲ್ ಬಿಟ್ ಪೂರ್ತಿ ಒಳಗೆ ಹೋದ್ರೂ ಬರೀ ಪುಡಿ. ಎದೆ ಧಸಕ್ ಅಂತು. ಮಗಳ ಫ್ರಿಡ್ಜ್ ಮ್ಯಾಗ್ನೆಟ್ ತಂದು ಇಟ್ಟೆ, ಬಾನೆಟ್ ಮೇಲೆ ಗಟ್ಟಿಯಾಗಿ ಹಿಡೀತು, ಇಲ್ಲಿ ಇಟ್ರೆ ಜಾರಿ ಬೀಳ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ಸ್ಕ್ರೂಡ್ರೈವರ್ ತುದೀಲಿ ಒತ್ತಿದ್ರೆ ಅಂಗೈ ಅಗಲದ ಚಕ್ಕೆ ಕಿತ್ತು ಬಂತು, ಬೆರಳು ದಪ್ಪ ಪುಟ್ಟಿ (ಪೇಂಟ್ ಕೆಳಗೆ ತಗ್ಗು ಮುಚ್ಚೋಕೆ ಮೆತ್ತೋ ಪೇಸ್ಟು), ಹಿಂದೆ ಸೊಳ್ಳೆ ಜಾಲರಿ, ಅದ್ರ ಹಿಂದೆ ಉಂಡೆ ಮಾಡಿ ತುರುಕಿದ ನ್ಯೂಸ್ ಪೇಪರು. ಶೀಟೂ ಇಲ್ಲ ವೆಲ್ಡಿಂಗೂ ಇಲ್ಲ. ಮಳೆಗಾಲದಲ್ಲಿ ಪೇಪರು ನೀರು ಕುಡಿದ್ರೆ ಉಳಿದಿರೋ ತಗಡೂ ಒಳಗಿಂದ್ಲೇ ಹೋಗುತ್ತೆ ಸ್ವಾಮಿ!

ಫೋನ್ ಮಾಡ್ದೆ. "ಏನ್ ಸಾರ್, ಹಳೇ ಗಾಡಿ ಅಂದ್ಮೇಲೆ ಪುಟ್ಟಿ ಇಲ್ದೆ ಆಗುತ್ತಾ" ಅಂದ. ವೆಲ್ಡಿಂಗ್ ಅಂದಿದ್ಯಲ್ಲಪ್ಪ ಅಂದ್ರೆ "ಅದು ನಮ್ ಕೆಲ್ಸ ಅಲ್ಲ, ನಿಮ್ ತಂದೆಯವ್ರು ಯಾವಾಗ್ಲೋ ಮಾಡ್ಸಿರ್ಬೇಕು, ಕೇಳಿ ನೋಡಿ." ಅಪ್ಪನ ಮೇಲೆ ಹಾಕ್ತಾನೆ ನೋಡಿ! ಆ ಪೇಪರ್ ಬಿಡಿಸಿ ನೋಡಿದ್ರೆ ತಾರೀಖು ಈ ವರ್ಷದ ಆಗಸ್ಟು, ಗಾಡಿ ಅವ್ನ ಶೆಡ್ಡಲ್ಲೇ ಇದ್ದ ಟೈಮು. ಫೋಟೋ ಕಳ್ಸಿದೆ. ಅರ್ಧ ಗಂಟೆ ಉತ್ರ ಇಲ್ಲ. ಆಮೇಲೆ ಬಂತು, "ಪೇಪರ್ ಯಾರ್ ಬೇಕಾದ್ರೂ ತುರುಕ್ಬೋದು ಸಾರ್, ಫಿಟ್ಟಿಂಗ್ ನಿಮ್ ಮನೇಲೇ ತಾನೇ ಆಗಿದ್ದು, ಡ್ರಿಲ್ ಹಾಕ್ದೋರು ನೀವೇ ತಾನೇ." ಈ ಮಾತು ಓದಿದಾಗ ಕೈ ನಡುಗ್ತು. ನಾನೇ ನನ್ ಅಪ್ಪನ ಗಾಡಿಗೆ ಪೇಪರ್ ತುರುಕ್ತೀನಾ? ಶೆಡ್ಡಿಗೇ ಹೋದೆ, ನಾಲ್ಕು ಹುಡುಗ್ರ ಮುಂದೆ "ಬಿಲ್ ಇದ್ರೆ ತೋರಿಸಿ ಸಾರ್" ಅಂದ. ಬಾಯಿ ಕಟ್ಟೋಯ್ತು.

ಈಗ ಮಂಡ್ಯದಲ್ಲಿ ಇನ್ನೊಬ್ರು ಹಳೇ ಟಿಂಕರ್ ನೋಡಿದಾರೆ, ಎರಡೂ ಮಡ್‌ಗಾರ್ಡ್, ಡೋರ್ ಕೆಳಗಿನ ಪಟ್ಟಿ ಎಲ್ಲಾ ಕಿತ್ತು ಶೀಟ್ ಹಾಕ್ಬೇಕಂತೆ, ಆ ಭಾಗಕ್ಕೆ ಪೇಂಟೂ ಹೊಸದಾಗಿ. ಕೂರಿಸಿದ್ದೆಲ್ಲಾ ಮತ್ತೆ ಬಿಚ್ಬೇಕು.

ನಿಮ್ ಗಾಡಿ ಈಗ ಯಾವ್ದಾದ್ರೂ ಶೆಡ್ಡಲ್ಲಿದ್ರೆ ಪ್ರೈಮರ್ (ಪೇಂಟ್‌ಗಿಂತ ಮೊದ್ಲು ಹೊಡಿಯೋ ಕೋಟು) ಹೊಡಿಯೋಕ್ ಮುಂಚೆ ಹೋಗಿ, ಬರೀ ತಗಡು ಕಣ್ಣಲ್ಲಿ ನೋಡಿ, ಫೋಟೋ ತೆಗೀರಿ. ವೆಲ್ಡಿಂಗ್ ಅಂತ ಚೀಟೀಲಿ ಬರೆಸ್ಕೊಳಿ. ಮನೇಲೇ ಜೋಡಿಸೋರಾದ್ರೆ ಗಾಡಿ ಆಚೆ ತರೋ ಮುಂಚೆ ಅವ್ನ ಎದುರಿಗೇ ಸುತ್ತ ಮ್ಯಾಗ್ನೆಟ್ ಇಟ್ಟು ನೋಡಿ, ಆಮೇಲೆ ದುಡ್ಡು ಕೊಡಿ. ಹತ್ತು ನಿಮಿಷದ ಕೆಲ್ಸ, ನಾನು ಮಾಡ್ಲಿಲ್ಲ.