ಸೂರ್ಯಘರ್ ಸಬ್ಸಿಡಿ ನಂಬಿ ನಾನು ಮೋಸಹೋದೆ: ಮುಂಗಡ ಕೊಡುವ ಮೊದಲು ಓದಿ

ಮನೆಯ ತಾರಸಿಯ ಮೇಲೆ ಸೋಲಾರ್ ಹಾಕಿಸಬೇಕೆಂದಿರುವವರು ಯಾರಿಗೂ ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. 78,000 ರೂಪಾಯಿ ಸಬ್ಸಿಡಿ ಬರುತ್ತದೆಂಬ ಮಾತನ್ನು ನಂಬಿ ನಾನು 1,95,000 ರೂಪಾಯಿ ಕೊಟ್ಟೆ. ಸಬ್ಸಿಡಿ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನಾನು ಕಾಗದವನ್ನು ಓದದೆ ಸಹಿ ಹಾಕಿದೆನೆಂದು ಬರೆಯಲು ನಾಚಿಕೆಯಾಗುತ್ತದೆ. ಇನ್ನೊಬ್ಬರಿಗೆ ಹೀಗಾಗಬಾರದೆಂದು ಬರೆಯುತ್ತಿದ್ದೇನೆ.

ಯೋಜನೆಯಲ್ಲಿ ದೋಷವಿಲ್ಲ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು ಹೆಚ್ಚೆಂದರೆ 78,000 ರೂಪಾಯಿ ನೇರವಾಗಿ ಗ್ರಾಹಕರ ಬ್ಯಾಂಕ್ ಖಾತೆಗೇ ಜಮೆಯಾಗುತ್ತದೆ. ಆದರೆ ಅರ್ಜಿ ರಾಷ್ಟ್ರೀಯ ಪೋರ್ಟಲ್‌ನಲ್ಲಿಯೇ ಹೋಗಬೇಕು, ಕೆಲಸ ಮಾಡುವವರು ಅಲ್ಲಿ ನೋಂದಾಯಿತರಾಗಿರಬೇಕು, ಪ್ಯಾನೆಲ್ 'ಡಿಸಿಆರ್' ಆಗಿರಬೇಕು. ಅಂದರೆ ಪ್ಯಾನೆಲ್ ಮಾತ್ರವಲ್ಲ, ಅದರೊಳಗೆ ಬಿಸಿಲನ್ನು ವಿದ್ಯುತ್ತಾಗಿಸುವ ಸೆಲ್ ಕೂಡ ಭಾರತದಲ್ಲಿ ತಯಾರಾಗಿರಬೇಕು. ಈ ಕೊನೆಯ ಮಾತು ನನಗೆ ತಿಳಿದದ್ದು ಹಣ ಕೈಬಿಟ್ಟ ಮೇಲೆ.

ಮನೆಗೆ ಬಂದಿದ್ದ ಏಜೆಂಟ್ ನನ್ನ ಕರೆಂಟ್ ಬಿಲ್ಲು, ಆಧಾರ್, ಪಾಸ್‌ಬುಕ್ಕಿನ ಪ್ರತಿ ತೆಗೆದುಕೊಂಡು, "ಅರ್ಜಿ ಎಲ್ಲಾ ನಾವೇ ನೋಡ್ಕೋತೀವಿ ಸಾರ್, ನೀವು ಸಹಿ ಹಾಕಿದ್ರೆ ಸಾಕು, ಮೂವತ್ತು ದಿನದಲ್ಲಿ ದುಡ್ಡು ನಿಮ್ಮ ಅಕೌಂಟಿಗೆ ಬರುತ್ತೆ" ಎಂದ. ಪ್ಯಾನೆಲ್‌ಗಳು ಬಂದವು, ಮನೆಗೆ ಬರುವ ಮತ್ತು ಮನೆಯಿಂದ ಹೊರಹೋಗುವ ವಿದ್ಯುತ್ತನ್ನು ಅಳೆಯುವ ನೆಟ್ ಮೀಟರ್ ಕೂಡ ಕೂತಿತು, ದಿನಕ್ಕೆ ಹನ್ನೊಂದು ಹನ್ನೆರಡು ಯೂನಿಟ್ ತಯಾರಾಗುತ್ತಿದ್ದುದರಿಂದ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಒಂದು ತಿಂಗಳು ಕಳೆದ ಮೇಲೆ ಕೇಳಿದರೆ "ಸರ್ವರ್ ಸ್ಲೋ ಇದೆ ಸಾರ್" ಎಂದ. ಎರಡನೆಯ ತಿಂಗಳು "ಸರ್ಕಾರದ ದುಡ್ಡು ಸಾರ್, ನಮ್ಮ ಕೈಲೇನಿದೆ" ಎಂದ. ಮೂರನೆಯ ತಿಂಗಳು ಫೋನೇ ಎತ್ತಲಿಲ್ಲ.

ಆಗ ಫೈಲು ಹಿಡಿದು ವಿದ್ಯುತ್ ಕಚೇರಿಗೆ ಹೋದೆ. ಅಲ್ಲಿನ ಎಂಜಿನಿಯರ್ ನನ್ನ ಅರ್ಜಿಯ ಪ್ರತಿಯನ್ನು ತಿರುವಿಹಾಕಿ, ಇಂಗ್ಲಿಷಿನ ಒಂದು ಸಾಲಿನ ಮೇಲೆ ಪೆನ್ನಿಟ್ಟು, "ಸಾರ್, ಇದು ಸಬ್ಸಿಡಿ ಇಲ್ಲದ ಅರ್ಜಿ, ಕೆಳಗಡೆ ಸಹಿ ನಿಮ್ಮದೇ ಅಲ್ವಾ?" ಎಂದು ಕೇಳಿದರು. ಸಹಿ ನನ್ನದೇ ಆಗಿತ್ತು. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳಿದ್ದರು. ಆ ಕಾಗದವನ್ನು ಮಡಚಿ ಫೈಲಿನೊಳಗೆ ಸೇರಿಸುವಾಗ ನನ್ನ ಕೈ ನಡುಗುತ್ತಿತ್ತು.

ಅದೇ ಸಂಜೆ ಏಜೆಂಟನ ಅಂಗಡಿಗೆ ಹೋಗಿ, ಹಾಕಿರುವುದು ಡಿಸಿಆರ್ ಪ್ಯಾನೆಲ್ ಹೌದೋ ಅಲ್ಲವೋ ಎಂದು ಕೇಳಿದೆ. "ಹಿಂದುಗಡೆ ಮೇಡ್ ಇನ್ ಇಂಡಿಯಾ ಅಂತ ಇದೆಯಲ್ಲ ಸಾರ್" ಎಂದ. ಹೌದು, ಚೀಟಿಯ ಮೇಲೆ ಹಾಗೆಯೇ ಇತ್ತು, ನಾನೇ ಬಗ್ಗಿ ನೋಡಿದ್ದೆ. ಆದರೆ ಒಳಗಿನ ಸೆಲ್ ಹೊರದೇಶದ್ದು. ಅಂತಹ ಪ್ಯಾನೆಲ್ ಅಗ್ಗ; ನನ್ನಿಂದ ಮಾತ್ರ ಡಿಸಿಆರ್ ಬೆಲೆಯನ್ನೇ ವಸೂಲಿ ಮಾಡಿದ್ದಾನೆ. ಒತ್ತಿ ಕೇಳಿದಾಗ ಅವನು ಹೇಳಿದ್ದು ಇಷ್ಟು: "ಸೋಲಾರ್ ಹಾಕ್ಕೊಡ್ತೀವಿ ಅಂದಿದ್ವಿ, ಹಾಕಿದ್ದೀವಿ. ಸಬ್ಸಿಡಿ ಬರಬಹುದು ಅಂದಿದ್ವಿ ಅಷ್ಟೇ. ಓದಿದವರು, ಸಹಿ ಹಾಕೋ ಮುಂಚೆ ನೋಡ್ಬೇಕಿತ್ತು." ಓದಿದವರು ಎಂಬ ಆ ಮಾತು ಇವತ್ತಿಗೂ ಚುಚ್ಚುತ್ತದೆ. ಬರಬಹುದು ಎಂದಿರಲಿಲ್ಲ, ಬರುತ್ತದೆ ಎಂದಿದ್ದ. ಬರುತ್ತದೆ ಎಂದೇ ಹೇಳಿದ್ದ.

ಪೋರ್ಟಲ್‌ನಲ್ಲಿ ನಿಮ್ಮದೇ ಮೊಬೈಲ್ ನಂಬರಿನಿಂದ ನೀವೇ ಅರ್ಜಿ ಹಾಕಿ, ವೆಂಡರ್ ಹೆಸರು ಅಲ್ಲಿನ ಪಟ್ಟಿಯಲ್ಲಿದೆಯೇ ನೋಡಿ, ಡಿಸಿಆರ್ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಪೂರ್ತಿ ಹಣವನ್ನು ಮೊದಲೇ ಕೇಳುವವರನ್ನು ಬಾಗಿಲಿನಿಂದಲೇ ಕಳಿಸಿಬಿಡಿ.

ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲವೆಂದು ತಿಳಿದು ದೂರು ಕೊಟ್ಟಿದ್ದೇನೆ. ಮೊದಲ ದಿನ ನಮ್ಮ ಊಟದ ಮೇಜಿನ ಮೇಲೆ ಅವನು ಲೆಕ್ಕ ಹಾಕಿದ ಹಾಳೆ ಇನ್ನೂ ನನ್ನ ಬಳಿಯಿತ್ತು. ಅದರಲ್ಲಿ 1,95,000ದಿಂದ 78,000 ಕಳೆದು, 1,17,000 ಎಂದು ಅವನೇ ಕೈಯಾರೆ ಬರೆದು, ಎರಡು ಗೆರೆ ಎಳೆದಿದ್ದಾನೆ. ದೂರಿನ ಜೊತೆ ಆ ಹಾಳೆಯನ್ನೂ ಲಗತ್ತಿಸಿದ್ದೇನೆ.