ಪ್ಲಗ್ ಮೇಲಿನ ನಂಬರ್ ನಂಬಿ ಕೆಟ್ಟೆ: ಸಿಎನ್‌ಜಿ ಗೂಡ್ಸ್ ಗಾಡಿ ಇರುವವರು ಓದಿ

ಲಾರಿ ಓಡಿಸುವ ಗೆಳೆಯರಿಗೆ ಈ ಕತೆ ಹೇಳಿದರೆ ಮೊದಲು ನಗುತ್ತಾರೆ. "ಗೂಡ್ಸ್ ಗಾಡಿಗೆ ಎಲ್ಲಿ ಪ್ಲಗ್‌ಲೇ?" ಅಂತ. ಡೀಸೆಲ್ ಎಂಜಿನ್‌ಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಇಲ್ಲ, ನಿಜ. ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ನನ್ನದು ಪೆಟ್ರೋಲ್, ಸಿಎನ್‌ಜಿ ಎರಡರಲ್ಲೂ ಓಡುವ ನಾಲ್ಕು ಸಿಲಿಂಡರ್‌ನ ಚಿಕ್ಕ ಗಾಡಿ, ಸಿಲಿಂಡರ್‌ಗೊಂದು ಪ್ಲಗ್. ಹುಬ್ಬಳ್ಳಿಯಲ್ಲಿ ಈಗ ಇಂಥವು ಬಹಳ ಆಗಿವೆ. ಗ್ಯಾರೇಜ್‌ನವರ ಕೈ ಮಾತ್ರ ಇನ್ನೂ ಡೀಸೆಲ್‌ಗೇ ಪಳಗಿದ್ದು. ನನ್ನ ಕತೆ ಶುರುವಾಗಿದ್ದೇ ಅಲ್ಲಿ.

ಮೇ ತಿಂಗಳು. ಗದಗಿನ ಪ್ರಿಂಟಿಂಗ್ ಪ್ರೆಸ್‌ಗಳಿಂದ ಶಾಲೆಯ ನೋಟ್‌ಬುಕ್ ತರುವ ಬಾಡಿಗೆ ನನಗೆ ಪ್ರತಿ ವರ್ಷ ಸಿಗುತ್ತದೆ. ಸೀಸನ್ ಶುರುವಾಗುವ ಮುಂಚೆ ಗಾಡಿ ಒಂದೊಂದು ಸಲ ಮಿಸ್ ಹೊಡೆಯುತ್ತಿತ್ತು. ಪ್ಲಗ್ 40 ಸಾವಿರ ಕಿಲೋಮೀಟರ್ ಓಡಿದ್ದವು, ಹಾಗಾಗಿ ಬದಲಿಸೋಣ ಅಂದುಕೊಂಡೆ. ಸ್ಟ್ಯಾಂಡ್‌ನಲ್ಲಿ ಒಬ್ಬ ಅಣ್ಣ ಹೇಳಿದ, "ಸಿಎನ್‌ಜಿ ಗಾಡಿಗೆ ಒಂದು ನಂಬರ್ ಮ್ಯಾಲಿಂದು ಹಾಕಪಾ, ತಂಪ ಇರ್ತದ." ಅವನ ಮಾತು ಪೂರ್ತಿ ಸುಳ್ಳಲ್ಲ. ಗ್ಯಾಸ್‌ನಲ್ಲೇ ಓಡುವ ಗಾಡಿಗೆ ಒಂದು ಮೆಟ್ಟಿಲು ತಂಪಿನ ಪ್ಲಗ್ ಹಾಕುವ ರೂಢಿ ಇದೆ. ಆದರೆ ಅವನು ಅರ್ಧ ಹೇಳಿದ, ನಾನು ಆ ಅರ್ಧವನ್ನೇ ಹಿಡಿದುಕೊಂಡು ಹೊರಟೆ.

ನನ್ನ ಗಾಡಿಯಲ್ಲಿ ಇದ್ದದ್ದು ಎನ್‌ಜಿಕೆ ಕಂಪನಿಯ ಪ್ಲಗ್, 6ನೇ ನಂಬರ್. ಅಂಗಡಿಯಲ್ಲಿ 7 ಕೇಳಿದೆ. ಇರಲಿಲ್ಲ. ಬಾಷ್ ಕಂಪನಿಯದು 7 ಇದೆ, 8 ಇದೆ ಅಂದರು. "ದೊಡ್ಡ ನಂಬರ್ ಇನ್ನೂ ತಂಪಲ್ರಿ?" ಅಂದೆ. "ಹೂಂನ್ರಿ ಸಾವ್ಕಾರ್ರ, ಎಲ್ಲಾ ಒಂದ ಅದಾವು, ಒಯ್ರಿ" ಅಂತ 8ರ ನಾಲ್ಕು ಪ್ಲಗ್ ಕಟ್ಟಿ ಕೊಟ್ಟರು. ಪ್ಲಗ್ ಡೂಪ್ಲಿಕೇಟ್ ಅಲ್ಲ, ಅಸಲಿ ಮಾಲೇ. ಕಂಪನಿಯನ್ನು ಬೈಯುವ ಹಾಗೂ ಇಲ್ಲ.

ವಿಷಯ ಏನೆಂದರೆ, ಎನ್‌ಜಿಕೆಯಲ್ಲಿ ನಂಬರ್ ಹೆಚ್ಚಾದಷ್ಟೂ ಪ್ಲಗ್ ತಂಪು. ಬಾಷ್‌ನಲ್ಲಿ ಪೂರಾ ಉಲ್ಟಾ, ನಂಬರ್ ಹೆಚ್ಚಾದಷ್ಟೂ ಬಿಸಿ. ಎನ್‌ಜಿಕೆಯ ಬಿಪಿಆರ್6ಇಎಸ್ ಅನ್ನೋ ಪ್ಲಗ್‌ಗೆ ಸಮನಾದದ್ದು ಬಾಷ್‌ನ ಡಬ್ಲ್ಯೂಆರ್7ಡಿಸಿ. ಅಂದರೆ ಅಲ್ಲಿಯ 6, ಇಲ್ಲಿಯ 7. ಅಲ್ಲಿಯ 5, ಇಲ್ಲಿಯ 8. ತಂಪಿನ ಕಡೆ ಒಂದು ಮೆಟ್ಟಿಲು ಹೋಗಲು ಹೊರಟವನು, ಇದ್ದ ಜಾಗ ಬಿಟ್ಟು ಬಿಸಿಯ ಕಡೆ ಒಂದು ಮೆಟ್ಟಿಲು ಇಳಿದಿದ್ದೆ! ಇನ್ನೊಂದು ಕಂಪನಿ ಡೆನ್ಸೊದ ಲೆಕ್ಕ ಎನ್‌ಜಿಕೆಯ ಹಾಗೇ ಏರುತ್ತದೆ, ಆದರೆ ಅಂಕಿಗಳೇ ಬೇರೆ, 16, 20, 22 ಅಂತ.

ಬಿಸಿ, ತಂಪು ಅಂದರೆ ಕಿಡಿಯ ಬಿಸಿ ಅಂತ ನಾನೂ ತಿಳಿದಿದ್ದೆ. ಅದಲ್ಲ. ಪ್ಲಗ್‌ನ ತುದಿ ತನ್ನ ಬಿಸಿಯನ್ನು ಎಷ್ಟು ಬೇಗ ಎಂಜಿನ್ ಹೆಡ್‌ಗೆ, ಅಂದರೆ ಪ್ಲಗ್ ಕೂರುವ ಎಂಜಿನ್‌ನ ಮೇಲ್ಭಾಗಕ್ಕೆ, ದಾಟಿಸುತ್ತದೆ ಅನ್ನುವುದರ ಮೇಲೆ ಈ ಹೆಸರು. ತುದಿ ಸುಮಾರು 450 ಡಿಗ್ರಿಗಿಂತ ಕೆಳಗೇ ಉಳಿದರೆ ಮಸಿ ಸುಡದೆ ಅಂಟಿಕೊಳ್ಳುತ್ತದೆ. 850ರ ಆಚೆ ಹೋದರೆ ಕೆಂಡದ ಹಾಗಾಗಿ, ಕಿಡಿ ಬರುವ ಮುಂಚೆಯೇ ಗ್ಯಾಸ್ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗ ಬೆಂಕಿ ಕೆಳಗೆ ಒತ್ತಿದರೆ ಏನಾಗುತ್ತದೆ, ಹೇಳಬೇಕಿಲ್ಲ ಅಲ್ವಾ?

ಇನ್ನು ಫಿಟ್ಟಿಂಗ್. ಗಾಡಿ ನಿಲ್ಲಿಸಿ ಐದು ನಿಮಿಷ ಆಗಿರಲಿಲ್ಲ, ಎಂಜಿನ್ ಸುಡುತ್ತಿತ್ತು. ಗ್ಯಾರೇಜ್‌ನ ಹುಡುಗ ಉದ್ದ ಹಿಡಿಕೆಯ ಪಾನಾ ಹಾಕಿ ಹಳೆ ಪ್ಲಗ್ ಬಿಚ್ಚಿದ, ಅದೇ ಪಾನಾದಲ್ಲಿ ಹೊಸದನ್ನು ತಿರುಗಿಸಿ ಬಿಗಿದ. ಮೂರನೇ ಸಿಲಿಂಡರ್‌ನಲ್ಲಿ ಮೊದಲಿಂದಲೇ ಗಟ್ಟಿ ಬರುತ್ತಿತ್ತು. "ಸ್ವಲ್ಪ ಮಸಿ ಕುಂತೈತ್ರಿ" ಅಂದ. ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಓರೆಯಾಗಿ ಹೋದರೆ ಸವೆಯುವುದು ಹೆಡ್‌ನ ಮರೆಯೇ, ಅಂದರೆ ಪ್ಲಗ್ ತಿರುಗಿ ಕೂರುವ ಥ್ರೆಡ್. ನಾನು ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದೆ, ತಡೆಯಲಿಲ್ಲ.

ಖಾಲಿ ಗಾಡಿ ಮೂರು ದಿನ ಚೆನ್ನಾಗಿಯೇ ಓಡಿತು. ನಾಲ್ಕನೇ ದಿನ ಗದಗಿನಲ್ಲಿ ಪೂರ್ತಿ ಲೋಡ್ ಹಾಕಿದೆ. ಕಾಗದದ ಭಾರ ಗೊತ್ತಲ್ಲ, ನೋಡಲು ಅರ್ಧ ಬಾಡಿ, ತೂಕಕ್ಕೆ ಪೂರ್ತಿ. ಹುಲಕೋಟಿ ದಾಟಿದ ಮೇಲೆ ಆಕ್ಸಿಲರೇಟರ್ ಒತ್ತಿದಾಗೆಲ್ಲ ಕಟಕಟ ಶಬ್ದ. ಎರೆಹೊಲದ ಬಯಲು, ಏರಿಲ್ಲ, ಘಾಟಿಲ್ಲ, ಆದರೂ ಎಳೆಯುತ್ತಿಲ್ಲ. ಅಣ್ಣಿಗೇರಿ ದಾಟುವಷ್ಟರಲ್ಲಿ ಎಂಜಿನ್ ಲೈಟ್ ಮಿಣುಕತೊಡಗಿತು. ಮಿಣುಕುವ ಲೈಟ್ ಅಂದರೆ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಗ್ಯಾಸ್ ಸರಿಯಾಗಿ ಉರಿಯದಿರುವುದು) ಜೋರಾಗಿದೆ, ನಿಲ್ಲಿಸು ಅಂತ ಅರ್ಥ. ಉರಿಯದ ಗ್ಯಾಸ್ ಹೋಗಿ ಸೈಲೆನ್ಸರ್ ಸಾಲಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ. ಗೊತ್ತಿದ್ದೂ ಇನ್ನೊಂದು ಎಂಟು ಕಿಲೋಮೀಟರ್ ಓಡಿಸಿದೆ. ಹುಬ್ಬಳ್ಳಿ ಹತ್ತಿರವಿದೆ ಅನ್ನೋ ದುರಾಸೆ.

ಗಾಡಿ ಎಳೆಸಿಕೊಂಡು ಬಂದು ಬೇರೆ ಮಿಸ್ತ್ರಿಗೆ ತೋರಿಸಿದೆ. ಹಿರಿಯರು, ಪೆಟ್ರೋಲ್ ಗಾಡಿ ಕೆಲಸದವರು. ಎಂಜಿನ್ ಆರುವವರೆಗೆ ಕೈ ಹಚ್ಚಲಿಲ್ಲ. ಮೊದಲು ಗಾಳಿ ಹೊಡೆದು ಪ್ಲಗ್ ಗುಂಡಿಯ ಧೂಳು ತೆಗೆದರು. ಮೂರು ಪ್ಲಗ್‌ಗಳ ತುದಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಮೂರನೇ ಸಿಲಿಂಡರ್‌ನದು ತುದಿ ಕರಗಿ ಉಂಡೆಯಾಗಿತ್ತು, ಅದರ ಸುತ್ತ ಅಲ್ಯೂಮಿನಿಯಂ ಚೂರು. ಓರೆಯಾಗಿ ಕೂತ ಪ್ಲಗ್‌ನ ವಾಷರ್ ಹೆಡ್‌ಗೆ ಒತ್ತಿಯೇ ಇರಲಿಲ್ಲ. ಬಿಸಿ ಹೋಗಬೇಕಾದ ದಾರಿಯೇ ಅದು. ಮೊದಲೇ ಬಿಸಿ ಪ್ಲಗ್, ಅದಕ್ಕೆ ದಾರಿಯೂ ಬಂದ್. "ಗ್ಯಾಪ್ ನೋಡಿದ್ರೇನು?" ಅಂತ ಕೇಳಿದರು. ಗ್ಯಾಪ್ ಅಂದರೆ ತುದಿಯಲ್ಲಿ ಕಿಡಿ ಹಾರುವ ಸಂದು. ನೋಡಿರಲಿಲ್ಲ. ಡಬ್ಬಿಯಿಂದ ಬಂದದ್ದು 1.1 ಮಿಲಿಮೀಟರ್. ಗ್ಯಾಸ್‌ನಲ್ಲಿ ಕಿಡಿ ಹಾರಲು ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು, ಅದಕ್ಕೆ 0.7, 0.8ರ ಸುಮಾರಿಗೆ ಇಡುತ್ತಾರೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಇದ್ದದ್ದೇ ಖರೆ.

ಚೂರು ಒಳಗೆ ಬಿದ್ದಿರಬಹುದೆಂದು ಹೆಡ್ ಇಳಿಸಬೇಕಾಯಿತು. ಗೋಕುಲ ರೋಡ್ ಕಡೆಯ ಲೇತ್‌ನಲ್ಲಿ ಹೆಲಿಕಾಯಿಲ್, ಅಂದರೆ ಸವೆದ ಮರೆಯ ಜಾಗಕ್ಕೆ ಕೂರಿಸುವ ತಂತಿಯ ಸುರುಳಿ, ಹಾಕಿಸಿದೆವು. ಹೆಡ್ ಗ್ಯಾಸ್ಕೆಟ್, ಪ್ಲಗ್‌ಗೆ ಕರೆಂಟ್ ಕೊಡುವ ಒಂದು ಕಾಯಿಲ್, ಕೂಲಿ, ಎಳೆಸಿದ ಖರ್ಚು ಸೇರಿ 14 ಸಾವಿರ. ಕನ್ವರ್ಟರ್ ಉಳಿದದ್ದು ಸಿದ್ಧಾರೂಢಜ್ಜನ ದಯೆ. ಹಳೆ ಅಂಗಡಿಗೆ ಹೋಗಿ ಕೇಳಿದರೆ "ನೀವ ಕೇಳಿದ್ದಲ್ರಿ?" ಅಂದರು. ಅದೂ ಖರೆಯೇ, ಸಿಟ್ಟು ಬಂದರೂ.

ಹೊಸ ಪ್ಲಗ್‌ಗಳನ್ನು ಆ ಹಿರಿಯ ಮಿಸ್ತ್ರಿ ಪಾನಾದಿಂದ ಶುರು ಮಾಡಲೇ ಇಲ್ಲ. ಒಂದು ಗೇಣು ರಬ್ಬರ್ ಪೈಪ್ ಪ್ಲಗ್‌ನ ತಲೆಗೆ ಸಿಕ್ಕಿಸಿ, ಬೆರಳಲ್ಲೇ ತಿರುಗಿಸುತ್ತ ಹೋದರು. ಓರೆಯಾದರೆ ಪೈಪ್ ಜಾರುತ್ತದೆ, ಮರೆ ಸವೆಯುವುದಿಲ್ಲ. ವಾಷರ್ ತಾಗಿದ ಮೇಲಷ್ಟೇ ಪಾನಾ, ಹೊಸ ವಾಷರ್‌ಗೆ ಸುಮಾರು ಅರ್ಧ ಸುತ್ತು. ಹಾಕಿದ್ದು ಪುಸ್ತಕದಲ್ಲಿದ್ದ ಅದೇ 6, ಮೇಲಿನದೂ ಅಲ್ಲ, ಕೆಳಗಿನದೂ ಅಲ್ಲ. ಪೈಪಿನ ತುಂಡನ್ನು ನನಗೇ ಕೊಟ್ಟರು. ಈಗ ಅದು ಸೀಟ್ ಕೆಳಗಿದೆ, ಕರಗಿದ ಪ್ಲಗ್ ಜೊತೆ. ಯಾರಾದರೂ "ಎಲ್ಲಾ ಒಂದ ಅದಾವು" ಅಂದರೆ ಆ ಪ್ಲಗ್ ತೆಗೆದು ಕೌಂಟರ್ ಮೇಲಿಡುತ್ತೇನೆ.